ಕೋವಿಗೆ ಹೆದರುವ ಕೊಲೆಗಾರ

ನಮ್ಮ ಚಿಕ್ಕಪ್ಪ ಕೊಲೆಗಾರರು. ಒಂದಲ್ಲ ಎರಡಲ್ಲ, ಲೆಕ್ಕವಿಲ್ಲದಷ್ಟು ಕೊಲೆ ಮಾಡಿದವರು. ಅದರಲ್ಲಿ ಮುಕ್ಕಾಲು ಪಾಲು ಪ್ರೀತಿಗಾಗಿ, ಉಳಿದದ್ದು ಕತೆ ಮುಂದಕ್ಕೆ ಹೋಗದೆ ಬೇಸರವಾಗಿ. ಹೆಣಗಳನ್ನೆಲ್ಲ ತಪ್ಪದೆ ಮಾಕುಟ್ಟದ ಕಾಡಿನಲ್ಲಿ ಬಿಸಾಡುತ್ತಿದ್ದರು. ಪಾಪ, ಅಲ್ಲಿಯ ಹುಲಿಗಳು ಬೇಟೆಯಾಡುವುದನ್ನೇ ಮರೆತಿದ್ದಾವು! ಹೆದರಬೇಡಿ, ಎಲ್ಲವೂ ಕಾಗದದ ಮೇಲೆ. ಪ್ರೀತಿಯನ್ನೂ ಕೊಲೆಯನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿ ಕಾದಂಬರಿ ಮಾಡುವ ಹುಚ್ಚು ಅವರಿಗೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೊಲೆಗಾರರು ಇಲ್ಲದೇ ಹೋಗಿದ್ದರೆ ನಾನು ಈವತ್ತು ನನ್ನ ಗಂಡನ ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ನಿಮಗೆ ಈ ಕತೆ ಹೇಳುತ್ತಿರಲಿಲ್ಲ. ತವರಿನ ಮೂಲೆಯಲ್ಲೆಲ್ಲೋ ಕಣ್ಣೊರೆಸಿಕೊಂಡು ಕೂತಿರುತ್ತಿದ್ದೆ.

ಇಷ್ಟು ಕೊಲೆ ಮಾಡಿದ ಮನುಷ್ಯನಿಗೆ ಕೋವಿ ಕಂಡರೆ ಆಗುತ್ತಿರಲಿಲ್ಲ. ಕೊಡಗಿನಲ್ಲಿ ಹುಟ್ಟಿ ಕೋವಿಗೆ ಹೆದರುವುದು ಅಂದರೆ ಏನು ಹೇಳೋಣ? ಮೀನು ನೀರಿಗೆ ಹೆದರಿದ ಹಾಗೆ. ಬೇರೆ ಸೀಮೆಯಲ್ಲಿ ಕೋವಿ ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಬೇಕಂತೆ. ನಮ್ಮಲ್ಲಿ ಮನೆಯೆಂದರೆ ಒಲೆ ಇರುತ್ತದೆ, ಒರಳು ಇರುತ್ತದೆ, ಗೋಡೆಗೆ ಒಂದು ಕೋವಿ ಇರುತ್ತದೆ. ನಮ್ಮಪ್ಪನದು ಜೋಡಿ ನಳಿಗೆಯ ಕೋವಿ. ಅಪ್ಪ ಅದನ್ನು ಒರೆಸಲು ಕೆಳಗಿಳಿಸಿದರೆ ಸಾಕು, ಚಿಕ್ಕಪ್ಪನಿಗೆ ಎಲ್ಲಿಲ್ಲದ ಕೆಲಸ ನೆನಪಾಗಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಕೈಲ್ ಮುಹೂರ್ತದ ಹಬ್ಬದಲ್ಲಿ ಆಯುಧಗಳಿಗೆಲ್ಲ ಪೂಜೆಯಾಗಬೇಕಲ್ಲ, ಮನೆಯ ಗಂಡಸರು ಒಬ್ಬೊಬ್ಬರಾಗಿ ಕೋವಿಗೆ ಹೂವಿಡಬೇಕು. ಚಿಕ್ಕಪ್ಪ ಹಣ್ಣು ಕೀಳುವ ದೋಟಿಯ ತುದಿಗೆ ಹೂ ಸಿಕ್ಕಿಸಿ, ಬಾಗಿಲ ಆಚೆ ನಿಂತು ಇಟ್ಟರು. ಅದೂ ಕಣ್ಣು ಮುಚ್ಚಿಕೊಂಡು. ಹೂ ಹೋಗಿ ಅಜ್ಜಿಯ ಮುಡಿಯ ಮೇಲೆ ಕೂತಿತು. ಅಜ್ಜಿ ನಾಚಿಕೊಂಡರು ಅಂತ ಅವ್ವ ವರ್ಷಗಟ್ಟಲೆ ನಗುತ್ತಿದ್ದಳು.

ಇಂಥವರು ಎಸ್ಟೇಟಿಗೆ ಸೇರಿದ್ದೇ ಒಂದು ಅಪಾರ್ಥದಿಂದ. ಸಿದ್ದಾಪುರದ ಕಡೆ ಬಿಳಿ ದೊರೆಯೊಬ್ಬನ ಕಾಫಿ ತೋಟಕ್ಕೆ 'ರೈಟರು ಬೇಕಾಗಿದೆ' ಅಂತ ಸಂತೆಯಲ್ಲಿ ಯಾರೋ ಹೇಳಿದರು. ತೋಟದಲ್ಲಿ ರೈಟರೆಂದರೆ ಆಳುಗಳ ಹಾಜರಿ ಹಾಕುವ ಗುಮಾಸ್ತ, ಅದು ಲೋಕಕ್ಕೇ ಗೊತ್ತು. ಲೋಕಕ್ಕೆ ಗೊತ್ತು, ಚಿಕ್ಕಪ್ಪನಿಗೆ ಗೊತ್ತಿಲ್ಲ. ಅಜ್ಜನ ಕೋಟು ಹಾಕಿಕೊಂಡು, ಬರೆದಿಟ್ಟ ಹಾಳೆಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಂಗಲೆಗೆ ಹೋದರು. ದೊರೆ ತನ್ನ ಮುರುಕು ಕನ್ನಡದಲ್ಲಿ, ಏನೇನು ಬರೆಯಲು ಬರುತ್ತದೆ ಅಂತ ಕೇಳಿದ. ಕೊಲೆ ಬರೆಯುತ್ತೇನೆ, ಪ್ರೀತಿ ಬರೆಯುತ್ತೇನೆ, ದೊರೆಗೆ ಬೇಕಾದರೆ ಎರಡನ್ನೂ ಸೇರಿಸಿ ಬರೆಯುತ್ತೇನೆ ಅಂದರಂತೆ! ದೊರೆಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಅಕ್ಷರ ದುಂಡಗಿದೆ ಅಂತ ಹೇಳಿ ಹಾಜರಿ ಪುಸ್ತಕ ಕೈಗೆ ಕೊಟ್ಟ. ಆಮೇಲೆ ಯಾರು ಏನು ಕೆಲಸ ಅಂತ ಕೇಳಿದರೂ ಚಿಕ್ಕಪ್ಪ ಎದೆ ಉಬ್ಬಿಸಿ 'ರೈಟರ್' ಅನ್ನುತ್ತಿದ್ದರು. ಕೇಳಿದವರು 'ಯಾವ ಎಸ್ಟೇಟು?' ಅಂದರೆ ಗಾಳಿ ಹೋದ ಹಾಗಾಗುತ್ತಿತ್ತು.

ಆದರೂ ತೋಟ ಅವರಿಗೆ ಕೈಕೊಡಲಿಲ್ಲ. ಓದುಗರು ಸಿಕ್ಕದಿದ್ದರೇನು, ಕೇಳುವವರು ಸಾಲುಸಾಲಾಗಿ ಸಿಕ್ಕಿದರು. ಹಣ್ಣು ಕುಯ್ಯುವ ಹೆಂಗಸರಿಗೆ ಕತೆ ಹೇಳಲು ಶುರುಮಾಡಿದರು. ತಮಿಳಿನವರು, ಮಲಯಾಳದವರು, ತುಳುವರು, ಎಲ್ಲರಿಗೂ ತಿಳಿಯುವ ಹಾಗೆ ಕಲಸುಮೇಲೋಗರದ ಭಾಷೆಯಲ್ಲಿ. ಹುದಿಕೇರಿಯ ಚೆಲುವೆಯನ್ನು ಸಿದ್ದಾಪುರದ ಹುಡುಗ ಪ್ರೀತಿಸುತ್ತಾನೆ, ಒಬ್ಬ ದುಷ್ಟ ಅವರ ಹಿಂದೆ ಬಿದ್ದಿದ್ದಾನೆ, ಚೆಲುವೆ ಕತ್ತಲಕೋಣೆಯಲ್ಲಿ ಒಬ್ಬಳೇ ಇದ್ದಾಳೆ, ಬಾಗಿಲು ಕಿರ್ರ್ ಅನ್ನುತ್ತದೆ... ಅಷ್ಟಕ್ಕೆ ನಿಲ್ಲಿಸಿಬಿಡುವುದು! ಹೆಂಗಸರು ಕುಕ್ಕೆ ಕೆಳಗಿಟ್ಟು 'ಆಮೇಲೆ ರೈಟರೇ?' ಅಂದರೆ, 'ಕುಕ್ಕೆ ತುಂಬಲಿ, ಆಮೇಲೆ' ಅನ್ನುವುದು. ರೈಟರು ಕೆಲಸ ಕೆಡಿಸುತ್ತಿದ್ದಾನೆ ಅಂತ ಮೇಸ್ತ್ರಿ ಚಾಡಿ ಹೇಳಿದ. ದೊರೆ ಕುದುರೆ ಏರಿ ನೋಡಲು ಬಂದರೆ, ಮಧ್ಯಾಹ್ನದ ಗಂಜಿಗೆ ಮೊದಲೇ ಕುಕ್ಕೆಗಳೆಲ್ಲ ತುಂಬಿ ತುಳುಕುತ್ತಿವೆ. ಕಿರ್ರ್ ಅಂದ ಬಾಗಿಲ ಹಿಂದೆ ಯಾರಿದ್ದಾರೆ ಅಂತ ತಿಳಿಯದೆ ಯಾರಿಗೂ ಅನ್ನ ಇಳಿಯುವಂತಿರಲಿಲ್ಲ. ದೊರೆ ಅಂದಿನಿಂದ ಮೇಸ್ತ್ರಿಯ ಬಾಯಿ ಮುಚ್ಚಿಸಿದ.

ತೊಂದರೆಯಾದದ್ದು ಬೇರೆ ಕಡೆ. ಕತೆ ಆಳುಗಳ ಒಂದು ಲೈನುಮನೆಯಿಂದ ಇನ್ನೊಂದು ಲೈನುಮನೆಗೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತಾ ಸಿದ್ದಾಪುರದ ಸಂತೆಗೆ ಬರುವಷ್ಟರಲ್ಲಿ ಸುದ್ದಿಯಾಗಿಬಿಟ್ಟಿತ್ತು. ರೈಟರಿಗೆ ಗೊತ್ತಿರುವ ಒಬ್ಬನ ಹೆಣ ಮಾಕುಟ್ಟದಲ್ಲಿ ಬಿದ್ದಿದೆಯಂತೆ! ದಫೇದಾರರೊಬ್ಬರು ತೋಟಕ್ಕೇ ಬಂದರು. ಹೆಣ ಎಲ್ಲಿ ಅಂತ ಕೇಳಿದರೆ ಚಿಕ್ಕಪ್ಪ ಹಾಳೆ ತೆಗೆದು ತೋರಿಸಿದರು. ದಫೇದಾರರು ಕೋಪದಿಂದ ಓದಲು ಕೂತವರು ಸಂಜೆಯಾದರೂ ಏಳಲಿಲ್ಲ. ಹೋಗುವಾಗ, ನಿಮ್ಮ ಕತೆಯ ಪೊಲೀಸನಿಗೆ ಮೀಸೆಯೇ ಇಲ್ಲವಲ್ಲ, ಇದು ಇಲಾಖೆಗೆ ಅವಮಾನ ಅಂತ ಎಚ್ಚರಿಕೆ ಕೊಟ್ಟು ಹೋದರು. ಚಿಕ್ಕಪ್ಪ ಆ ರಾತ್ರಿಯೇ ಪೊಲೀಸನಿಗೆ ಮೀಸೆ ಬರಿಸಿದರು.

ಪ್ರೀತಿಯ ವಿಷಯದಲ್ಲಿ ಅವರ ಅನುಭವ ಸೊನ್ನೆ. ಮದುವೆಯೇ ಆಗಲಿಲ್ಲ. ಭಾನುವಾರ ಮನೆಗೆ ಬಂದಾಗ ನನ್ನನ್ನು ಹಿಡಿದು ಕೂರಿಸಿ, ಹುಡುಗಿಗೆ ಪ್ರೀತಿಯಾದರೆ ಏನನ್ನಿಸುತ್ತದೆ ಅಂತ ಕೇಳುವರು. ನನಗೇನು ಗೊತ್ತು? ನನ್ನ ಮದುವೆ ಹಿರಿಯರೇ ಕೂತು ಮಾಡಿದ್ದು. ಕೊನೆಗೆ ಅವರೇ ಬರೆದರು. ಗದ್ದೆಯ ಬದುವಿನಲ್ಲಿ ಹುಡುಗ ಹುಡುಗಿ ಮೊದಲ ಸಲ ಎದುರಾಗುತ್ತಾರೆ, ಕಣ್ಣು ಕಣ್ಣು ಕೂಡುತ್ತದೆ, ಹುಡುಗ ನಡುಗುವ ದನಿಯಲ್ಲಿ ಕೇಳುತ್ತಾನೆ: ನಿಮ್ಮದು ಯಾವ ಮನೆತನ, ಯಾವ ಬಳಿ, ತಾಯಿಯ ತವರು ಎಲ್ಲಿ? ಒಂದೇ ಬಳಿಯವರಾದರೆ ಅಣ್ಣತಂಗಿಯಾಗಿಬಿಡುತ್ತಾರಲ್ಲ, ವಿಚಾರಿಸದೆ ಪ್ರೀತಿಸುವುದು ಹೇಗೆ ಅಂತ ಚಿಕ್ಕಪ್ಪನ ವಾದ. ಆ ಪ್ರೇಮ ಪ್ರಸಂಗದಲ್ಲಿ ಮೂರು ತಲೆಮಾರಿನ ನೆಂಟಸ್ತಿಕೆ ಇತ್ಯರ್ಥವಾಗುವಷ್ಟರಲ್ಲಿ ಕತ್ತಲಾಗಿ ಇಬ್ಬರೂ ಮನೆಗೆ ಹೋದರು.

ಆದರೆ ಅವರನ್ನು ನಿಜವಾಗಿ ಕಾಡಿದ್ದು ಪ್ರೀತಿಯಲ್ಲ, ಗುಂಡು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು ಗುಂಡು. ಕೇಳಿದ ಊರವರು ಅದಕ್ಕೆ ತಕ್ಕಂತೆ ಹೊರಟು ಬರುತ್ತಾರೆ. ಈಗ ಹೇಳಿ, ಇಂಥ ಊರಿನಲ್ಲಿ ಗುಂಡಿಕ್ಕಿ ಕೊಲ್ಲುವುದು ಹೇಗೆ? ದುಷ್ಟ ಒಂದು ಗುಂಡು ಹಾರಿಸಿದ ಅಂತ ಚಿಕ್ಕಪ್ಪ ಬರೆದರೆ, 'ಅಯ್ಯೋ ರೈಟರೇ, ಊರವರೆಲ್ಲ ಬಾಳೆಗೊನೆ ಹಿಡ್ಕೊಂಡು ಮಗು ನೋಡೋಕೆ ಬರ್ತಾರಲ್ಲ!' ಅಂದರು ಹೆಂಗಸರು. ಸರಿ, ಎರಡು ಅಂತ ತಿದ್ದಿದರು. ಆಗ ಹೆಣ ಆರುವ ಮೊದಲೇ ಊರಿಗೆ ಊರೇ ಸಾವಿನ ಮನೆಗೆ ಬಂದು, ಕೋವಿ ಹಿಡಿದು ನಿಂತವನನ್ನು ನೋಡಿಬಿಟ್ಟಿತು, ಕಾದಂಬರಿ ನಾಲ್ಕು ಸಾಲಿನಲ್ಲಿ ಮುಗಿಯಿತು. ಮೂರು ಅಂತ ಮಾಡಿದರೆ ಹಂದಿ ಹೊಡೆದಿದ್ದಾರೆಂದು ಮಾಂಸದ ಪಾಲಿಗೆ ಬಂದರು! ಕೊಡಗಿನಲ್ಲಿ ಕೋವಿ ಸುಳ್ಳು ಹೇಳುವುದಿಲ್ಲ ಮಗಳೇ, ಅದೇ ನನ್ನ ಕತೆಯ ಕರ್ಮ ಅಂತ ತಲೆ ಚಚ್ಚಿಕೊಳ್ಳುತ್ತಿದ್ದರು. ಚೆಲುವೆ ಕತ್ತಲಕೋಣೆಯಲ್ಲಿಯೇ ಉಳಿದಳು, ಬಾಗಿಲು ಕಿರ್ರ್ ಅನ್ನುತ್ತಲೇ ಇತ್ತು.

ಈ ಚೆಲುವೆಗಾಗಿ ಕಾದು ಕೂತವರಲ್ಲಿ ನನ್ನ ಅತ್ತೆಯೂ ಒಬ್ಬರು. ನಮ್ಮ ತವರು ಗದ್ದೆ ಬಯಲಿನ ಈಚೆ ದಿಣ್ಣೆಯಲ್ಲಿ, ಗಂಡನ ಮನೆ ಆಚೆ ದಿಣ್ಣೆಯಲ್ಲಿ. ಕೂಗಿದರೆ ಕೇಳದು, ಗುಂಡು ಹೊಡೆದರೆ ಕೇಳುತ್ತದೆ. ಚಿಕ್ಕಪ್ಪ ನನ್ನನ್ನು ನೋಡುವ ನೆಪದಲ್ಲಿ ಅಲ್ಲಿಗೆ ಬಂದು ಜಗಲಿಯಲ್ಲಿ ಕತೆ ತೆಗೆದರೆ, ಹೆಣ ಬೀಳುವ ಕತೆ ಮನೆಗೆ ಒಳ್ಳೆಯದಲ್ಲ ಅಂತ ಅತ್ತೆ ಗೊಣಗುತ್ತಾ ಒಳಗೆ ಹೋಗುವರು. ಹೋದವರು ಅಡಿಗೆಮನೆಗೆ ಹೋಗುತ್ತಿರಲಿಲ್ಲ, ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದರು. ನನಗೂ ಗೊತ್ತು, ಚಿಕ್ಕಪ್ಪನಿಗೂ ಗೊತ್ತು. ಅವರು ಬೇಕೆಂದೇ ಬಾಗಿಲ ಕಡೆ ತಿರುಗಿ ಹೇಳುತ್ತಿದ್ದರು.

ಅತ್ತೆ ಕೆಟ್ಟವರೇನಲ್ಲ. ಆದರೆ ನನಗೆ ಮೊದಲ ಎರಡೂ ಹೆಣ್ಣಾದವು. ನಮ್ಮ ಅರೆಭಾಷೆಯಲ್ಲಿ ಹೆಣ್ಣುಮಗುವಿಗೆ ಗೂಡೆ, ಗಂಡುಮಗುವಿಗೆ ಹೈದ. ಎರಡು ಸಲವೂ ಅತ್ತೆ ಆಚೆ ದಿಣ್ಣೆಯಲ್ಲಿ ಕಿವಿ ಇಟ್ಟು ಕಾದರು, ಎರಡು ಸಲವೂ ಗದ್ದೆ ಬಯಲು ಸುಮ್ಮನಿತ್ತು. ಮೂರನೆಯ ಸಲ ನಾನು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟಾಗ ಅತ್ತೆ ಮೆಟ್ಟಿಲಿಗೆ ಬಂದು ನಿಂತರು.

'ಗುಂಡ್ ಕೇಳಿರೆ ನಾನೇ ಬಂದ್ ಕರ್ಕಂಡ್ ಹೋನೆ. ಕೇಳದಿದ್ದರೆ ನೀ ಅಲ್ಲೇ ಇರ್.'

ನನ್ನ ಗಂಡ ಎತ್ತಿನ ಹಗ್ಗ ನೋಡುತ್ತಾ ನಿಂತಿದ್ದರು. ಒಳ್ಳೆಯ ಮನುಷ್ಯ, ಆದರೆ ಅವರವ್ವನ ಮುಂದೆ ನಾಲಿಗೆ ಇರಲಿಲ್ಲ. ಅವರಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಾರೆ ಅನ್ನುವ ಮಾತು ನನ್ನ ಕಿವಿಗೂ ಬಿದ್ದಿತ್ತು. ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿಕೊಂಡು ಕಣ್ಣೀರಿಟ್ಟೆ. ನನ್ನ ಕತೆಯಲ್ಲಿ ಆಗಿದ್ದರೆ ನಿನ್ನತ್ತೆಯನ್ನು ಮಾಕುಟ್ಟಕ್ಕೆ ಕಳಿಸಿಬಿಡುತ್ತಿದ್ದೆ ಅಂದರು ಅವರು. ನಗು ಬಂತು. ಅಳುವಾಗಲೂ ನಗಿಸಿಬಿಡುವರು, ಏನು ಮಾಡುವುದು!

ನೋವು ಶುರುವಾದದ್ದು ಒಂದು ಭಾನುವಾರ ಬೆಳಗ್ಗೆ. ಅಂಗಳದ ತುಂಬ ನಮ್ಮ ಮನೆಯದೇ ಕಾಫಿ ಒಣಗುತ್ತಿತ್ತು. ಅಪ್ಪ ಕೋವಿಯ ಎರಡೂ ನಳಿಗೆಗೆ ತೋಟೆ ತುಂಬಿ ಜಗಲಿಯಲ್ಲಿ ಕಾಯುತ್ತಿದ್ದರು. ಮಧ್ಯಾಹ್ನ ಮಗು ಅತ್ತಿತು. ಸೂಲಗಿತ್ತಿ ಬಾಗಿಲಿಗೆ ಹೋಗಿ ಮೆಲ್ಲಗೆ 'ಗೂಡೆ' ಅಂದಳು. ಅಪ್ಪ ತೋಟೆ ತೆಗೆಯುವುದನ್ನೂ ಮರೆತು ಕೋವಿಯನ್ನು ಗೋಡೆಗೆ ಒರಗಿಸಿ, ಎದ್ದು ಒಳಗೆ ಹೋದರು. ನಾನು ಮಗುವಿನ ಮುಖ ನೋಡಿದೆ. ಎಷ್ಟು ಚೆನ್ನಾಗಿತ್ತು ಅಂತೀರಿ! ಇಷ್ಟು ಚೆನ್ನಾಗಿರುವ ಮಗುವನ್ನು ನೋಡಿ ಯಾರಾದರೂ ಅಳುತ್ತಾರೆಯೇ? ನಾನು ಅತ್ತುಬಿಟ್ಟೆ.

ಆಗ ಹೊರಗೆ ಢಂ ಅಂತು.

ಸೂರಿನ ಹೆಂಚುಗಳು ಗಲಗಲ ಅಂದವು. ನನಗೆ ಹೊಳೆದದ್ದೇನು ಗೊತ್ತೇ? ಪಕ್ಕದಲ್ಲಿ ಯಾರೋ ಪುಣ್ಯವಂತೆಗೆ ಹೈದ ಹುಟ್ಟಿದೆ ಅಂತ! ಅಷ್ಟರಲ್ಲಿ ಅವ್ವ ಕೂಗುತ್ತಾ ಓಡಿದಳು. ಆಮೇಲೆ ಅವಳೇ ಹೇಳಿದ್ದು: ಚಿಕ್ಕಪ್ಪ ಅಂಗಳದಲ್ಲಿ ಕಾಫಿ ರಾಶಿಯ ಮೇಲೆ ಅಂಗಾತ ಬಿದ್ದಿದ್ದಾರೆ. ಕೋವಿಯ ಹಿಂಬಡಿತಕ್ಕೆ ಭುಜ ಬಾತಿದೆ, ಪಂಚೆ ಒಂದು ಕಡೆ, ಕನ್ನಡಕ ಒಂದು ಕಡೆ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಯೇ ಇದೆ. ಗುಂಡು ಹಾರಿತೋ ಇಲ್ಲವೋ ಅವರಿಗೇ ಖಾತ್ರಿಯಿಲ್ಲ, ಆಚೆ ದಿಣ್ಣೆಗೆ ಕೇಳದಿದ್ದರೆ ಏನು ಗತಿ ಅಂತ ಮಲಗಿದಲ್ಲಿಂದಲೇ ಎರಡನೆಯ ನಳಿಗೆಗೆ ಬೆರಳು ಹುಡುಕುತ್ತಿದ್ದಾರೆ! ಅಪ್ಪ ಹಾರಿ ಬಂದು ಕೋವಿ ಕಿತ್ತುಕೊಂಡರು. ಇನ್ನೊಂದು ಹೊಡೆದಿದ್ದರೆ ಊರವರು ಬಾಳೆಗೊನೆಯ ಬದಲು ಚಟ್ಟಕ್ಕೆ ಬಿದಿರು ಕಡಿದುಕೊಂಡು ಬರುತ್ತಿದ್ದರು. ಗಂಡುಮಗುವಿಗೆ ಹೊಡೆಯುವ ಗುಂಡನ್ನು ಹೆಣ್ಣಿಗೆ ಹೊಡೆದೆಯಲ್ಲ ಅಂತ ಅಪ್ಪ ಬೈದರು. ಯಾವ ಕಾನೂನಿನಲ್ಲಿ ಬರೆದಿದೆ ತೋರಿಸು, ನಾನು ರೈಟರು, ಬರೆದದ್ದನ್ನು ಮಾತ್ರ ನಂಬುವವನು ಅಂದರು ಚಿಕ್ಕಪ್ಪ, ಕಾಫಿ ಕೊಡವಿಕೊಳ್ಳುತ್ತಾ.

ಎಲೆಯಡಿಕೆ ಜಗಿದು ಉಗಿಯುವಷ್ಟರಲ್ಲಿ ಗದ್ದೆಯ ಬದುವಿನ ಮೇಲೆ ಅತ್ತೆ ಕಾಣಿಸಿಕೊಂಡರು. ಅವರು ಹಾಗೆ ಓಡಿದ್ದನ್ನು ನಾನು ನೋಡಲಿಲ್ಲ, ನೋಡಿದವರು ಈಗಲೂ ಹೇಳುತ್ತಾರೆ. ಹಿಂದೆ ನನ್ನ ಗಂಡ ಬಾಳೆಗೊನೆ ಹೊತ್ತು ಏದುಸಿರು ಬಿಡುತ್ತಾ ಬರುತ್ತಿದ್ದಾರೆ. ಅತ್ತೆ ಕಾಲು ತೊಳೆದದ್ದೇ ಸೀದಾ ಒಳಗೆ ಬಂದು ಮಗುವನ್ನು ಮಡಿಲಿಗೆ ಎತ್ತಿಕೊಂಡರು. ಮೂಗು ನಮ್ಮ ಮನೆಯದೇ ಅಂದರು, ಹಣೆ ಮಾವನವರದೇ ಅಂದರು. ಮಗು ಅವರ ಬೆರಳನ್ನು ಹಿಡಿದುಕೊಂಡಿತು. ಅತ್ತೆ ನಗುನಗುತ್ತಾ ಬಟ್ಟೆ ಸರಿಸಿದರು. ನಗು ನಿಂತಿತು.

ಗುಂಡು ಹೊಡೆದದ್ದು ಯಾರು ಅಂತ ಕೇಳಿದರು. ಚಿಕ್ಕಪ್ಪ ಬಾಗಿಲಿಗೆ ಬಂದು ನಿಂತರು. ಒಂದು ಕೈಯಲ್ಲಿ ಬಾತ ಭುಜ, ಕೂದಲಲ್ಲಿ ಕಾಫಿ ಬೀಜ.

'ಮೊಗು ಹುಟ್ಟಿತ್, ಹೊಡ್ದೆ. ಹುಟ್ಟಿದ್ ಸುಳ್ಳಾ ಅಕ್ಕ?'

ಅತ್ತೆ ಮಗುವಿನ ಕೈಯಿಂದ ಬೆರಳು ಬಿಡಿಸಿಕೊಳ್ಳಲು ನೋಡಿದರು, ಮಗು ಬಿಡಲಿಲ್ಲ. ಆಮೇಲೆ ಯಾರಿಗೂ ಅಲ್ಲದ ಹಾಗೆ, ಗೋಡೆಗೆ ಹೇಳುವ ಹಾಗೆ ಅಂದರು:

'ನಾ ಹುಟ್ಟಿದಾಗ ಯಾರೂ ಹೊಡ್ದಿಲ್ಲೆ.'

ನನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅವಳಿಗೂ ಯಾರು ಹೊಡೆದಿದ್ದರು? ಸೂಲಗಿತ್ತಿಗೆ ಯಾರು ಹೊಡೆದಿದ್ದರು? ಆಮೇಲೆ ಅತ್ತೆ ಎಂದಿನ ಗಡುಸು ದನಿಯಲ್ಲಿ, ಅದೆಲ್ಲ ಇರಲಿ, ಆ ಹುದಿಕೇರಿಯ ಹುಡುಗಿ ಏನಾದಳು, ಬಾಗಿಲ ಹಿಂದೆ ಯಾರಿದ್ದರು ಅಂತ ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪನ ಮುಖ ಅರಳಿತು. ಅದನ್ನು ಇಲ್ಲಿ ಹೇಳುವ ಹಾಗಿಲ್ಲ, ನಿಮ್ಮ ಜಗಲಿಯಲ್ಲಿ ಹೇಳುತ್ತೇನೆ, ಆದರೆ ಈ ತಾಯಿ ಮಗು ಅಲ್ಲಿಗೆ ಬಂದು ಸೇರಿದ ಮೇಲೆ ಅಂದರು. ಕುಕ್ಕೆ ತುಂಬಲಿ, ಆಮೇಲೆ! ಅತ್ತೆ 'ಕಳ್ಳ' ಅಂದರು. ಅಂದದ್ದು ನಗುತ್ತಲೇ. ಬಾಣಂತನ ಮುಗಿದ ದಿನ ಹೇಳಿದ ಹಾಗೆ ಅವರೇ ಬಂದರು, ಮೂರನೆಯ ಗೂಡೆಯನ್ನು ಅವರೇ ಎತ್ತಿಕೊಂಡು ಬದುವಿನ ಮೇಲೆ ಮುಂದೆ ನಡೆದರು. ಇನ್ನೊಂದು ಹೆಣ್ಣಿನ ಮಾತು ಆಮೇಲೆ ಯಾರ ಬಾಯಲ್ಲಿಯೂ ಬರಲಿಲ್ಲ. ಕತೆ ಮಾತ್ರ ಮುಗಿಯಲಿಲ್ಲ. ಚಿಕ್ಕಪ್ಪ ಬರುವರು, ಬಾಗಿಲು ಇಷ್ಟೇ ಇಷ್ಟು ತೆರೆಯುವರು, ಎದ್ದು ಹೋಗುವರು. ಈಗ ಅತ್ತೆ ಸಂದಿಯಲ್ಲಿ ನಿಲ್ಲುತ್ತಿರಲಿಲ್ಲ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆಯೇ ಕೂರುತ್ತಿದ್ದರು.

ಅವರ ಒಂದು ಕಾದಂಬರಿಯೂ ಅಚ್ಚಾಗಲಿಲ್ಲ. ಅರ್ಧ ಗೆದ್ದಲಿಗೆ ಹೋಯಿತು, ಅರ್ಧ ಅವ್ವನ ಒಲೆಗೆ. ಕೋವಿಯನ್ನು ಅವರು ಮತ್ತೆಂದೂ ಮುಟ್ಟಲಿಲ್ಲ, ಹಬ್ಬದ ದಿನ ಅದೇ ದೋಟಿ, ಅದೇ ಮುಚ್ಚಿದ ಕಣ್ಣು. ಅಷ್ಟು ಹೆದರುವ ಜೀವ ನನಗಾಗಿ ಅದನ್ನು ಎತ್ತಿತಲ್ಲ ಅಂತ ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ. ಅವರಿಗೆ ನಾನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮಲ್ಲಿ ಹಾಗೆಲ್ಲ ಹೇಳುವ ರೂಢಿಯಿಲ್ಲ. ಬಂದಾಗ ಅವರಿಗೆ ಇಷ್ಟವಾದ ಕಡುಬು ಮಾಡಿ, ಇನ್ನೊಂದು ಹಾಕುತ್ತಿದ್ದೆ.

ಬಿಳಿಯರು ಊರು ಬಿಡುವ ಮಾತು ಕೇಳಿಬರುತ್ತಿದ್ದ ವರ್ಷ, ಒಂದು ಬೆಳಗ್ಗೆ ನಾನೂ ಅತ್ತೆಯೂ ಅಕ್ಕಿ ಕೇರುತ್ತಿದ್ದೆವು. ಎದುರು ದಿಣ್ಣೆಯಿಂದ, ನಮ್ಮ ತವರಿನಿಂದ, ಢಂ ಅಂತು. ಕೈ ನಿಲ್ಲಿಸಿ ಕಾದೆವು. ಎರಡನೆಯದೂ ಕೇಳಿಸಿತು. ಚಿಕ್ಕಪ್ಪ ಹುಷಾರಿಲ್ಲದೆ ಮಲಗಿದ್ದರು, ಯಾರಿಗೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲ ಹಿಂದೆ ಯಾರಿದ್ದರು ಅಂತ ಹೇಳದೆಯೇ ಹೋಗಿಬಿಟ್ಟನಲ್ಲ ಅಂತ ಅತ್ತೆ ಮೊರ ಬಿಟ್ಟು ಅಳಲು ಕೂತರು. ನಾನು ಎದ್ದು ಒಳಗೆ ಹೋಗುವಷ್ಟರಲ್ಲಿ ನನ್ನ ಮೂರನೆಯ ಮಗಳು ಗೋಡೆಯಿಂದ ನಮ್ಮ ಮನೆಯ ಕೋವಿ ಇಳಿಸಿಕೊಂಡು ಅಂಗಳಕ್ಕೆ ಇಳಿದಿದ್ದಳು. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ಅವಳಪ್ಪನೇ ಕಲಿಸಿದ್ದರು. ಯಾರೂ ತಡೆಯಲಿಲ್ಲ. ಗದ್ದೆ ಬಯಲಿನ ಕಡೆ ತಿರುಗಿ, ಆಕಾಶಕ್ಕೆ ಎತ್ತಿ, ಒಂದೇ ಒಂದು ಹೊಡೆದಳು. ಕಣ್ಣು ಮುಚ್ಚಲಿಲ್ಲ.

ತವರಿನ ಅಂಗಳದಲ್ಲಿ ಚಿಕ್ಕಪ್ಪನ ಸುತ್ತ ಕೂತವರೆಲ್ಲ ತಲೆಯೆತ್ತಿದರಂತೆ. ಯಾರ ಮನೆಯಲ್ಲೋ ಹೈದ ಹುಟ್ಟಿದೆ ಅಂತ ಯಾರೋ ಒಬ್ಬರು ಅಂದರಂತೆ. ತಮ್ಮನ ತಲೆದಿಸೆಯಲ್ಲಿ ಕೂತಿದ್ದ ನಮ್ಮಪ್ಪ, ಅವತ್ತು ಕೋವಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿದ್ದ ನಮ್ಮಪ್ಪ, ಅಳುತ್ತಾ ಹೇಳಿದರಂತೆ:

'ಹೈದ ಅಲ್ಲ. ಗೂಡೆ.'